ಆಟೋ ಹೈ ಬೀಮ್ ಇದ್ರೂ ಡಿಪ್ಪರ್ ನಿಮ್ಮ ಕೈಯಲ್ಲೇ ಇರ್ಲಿ: ಊರಿಗೆ ಹೊರಡೋ ಮುಂಚೆ ಮಾಡ್ಕೋಬೇಕಾದ್ದು

ಹೋದ ಜನವರಿಲಿ ಪುಣೆಯಿಂದ ಸಾಂಗ್ಲಿಗೆ ಅಕ್ಕನ ಮನೆಗೆ ಹೊರಟಿದ್ವಿ, ನಾನು ಅವ್ವ ಇಬ್ರೇ. ಆಫೀಸ್ ಮುಗಿಸ್ಕೊಂಡು ಹೊರಟಿದ್ರಿಂದ ಪೇಠ್ ನಾಕಾದಲ್ಲಿ ಹೈವೇ ಬಿಟ್ಟು ಒಳರೋಡಿಗೆ ತಿರುಗೋ ಹೊತ್ತಿಗೆ ರಾತ್ರಿ 11 ದಾಟಿತ್ತು. ಕಬ್ಬಿನ ಸೀಸನ್ ಬೇರೆ. ಆಷ್ಟಾ ಹತ್ರ ಎದುರಿಗೆ ಕಬ್ಬು ಹೇರಿದ ಎತ್ತಿನ ಗಾಡಿಗಳು ಸಾಲಾಗಿ ಬರ್ತಾ ಇದ್ವು, ಒಂದಕ್ಕೂ ಲೈಟ್ ಇಲ್ಲ, ನಮ್ಮ ಕಾರಿನ ಹೈ ಬೀಮ್ ಆಟೋದಲ್ಲಿತ್ತು (ಎದುರಿನ ಲೈಟ್ ನೋಡಿ ತಾನೇ ಏರಿ ಇಳಿಯೋ ಸೆಟ್ಟಿಂಗ್), ಅದು ಎದುರಿಗೆ ಯಾರೂ ಇಲ್ಲ ಅನ್ನೋ ಹಾಗೆ ಫುಲ್ ಉರೀತಾನೇ ಇತ್ತು. ಮುಂದಿನ ಗಾಡಿಯ ಎತ್ತುಗಳ ಕಣ್ಣು ಪಳಪಳ ಹೊಳೆದ್ವು, ಗಾಡಿಯವರು ಮುಖಕ್ಕೆ ಟವೆಲ್ ಅಡ್ಡ ಹಿಡ್ಕೊಂಡ್ರು, ಒಂದು ಎತ್ತು ಬೆದರಿ ರೋಡಿನ ನಡುವಕ್ಕೇ ಎಳೀತು.

"ಲೈಟ್ ಇಳಸೋ ಮೊದ್ಲ, ಎತ್ತು ಬೆದರಾಕ್ಹತ್ತಾವ" ಅಂದ್ಲು ಅವ್ವ.

ಬ್ರೇಕ್ ಒತ್ತಿದೆ, ಸ್ಪೀಡ್ ಇಳಿದ ಮೇಲೆ ಹೈ ಬೀಮ್ ತಾನಾಗೇ ಆರ್ತು, ಗಾಡಿಗಳು ದಾಟಿ ಹೋದ್ವು, ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಆ ನಾಲ್ಕೈದು ಸೆಕೆಂಡಲ್ಲಿ ನನ್ನ ಕೈಗೆ ಡಿಪ್ ಮಾಡೋದೇ, ಅಂದ್ರೆ ಹೈ ಬೀಮಿಂದ ಲೋ ಬೀಮಿಗೆ ಇಳಿಸೋದೇ, ಹೊಳೀಲಿಲ್ಲ ನೋಡಿ, ಅದು ನನ್ನನ್ನ ಬಹಳ ಕಾಡ್ತು. ಹಳೆ ಕಾರಲ್ಲಿ ಹದಿನೈದು ವರ್ಷ ಯೋಚನೆ ಇಲ್ದೆ ಕೈ ತಾನೇ ಮಾಡ್ತಿದ್ದ ಕೆಲಸ, ಹೊಸ ಕಾರಲ್ಲಿ ಎಂಟೇ ತಿಂಗಳಿಗೆ ಮರೆತು ಹೋಗಿತ್ತು. ಆಮೇಲೆ ಕೂತು ಮ್ಯಾನ್ಯುಯಲ್ ಓದಿ, ಬೇಸ್‌ಮೆಂಟಲ್ಲಿ, ರೋಡಲ್ಲಿ ಟ್ರೈ ಮಾಡಿ ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ಪುಣೆ ಮುಂಬೈಯಿಂದ ಬೆಳಗಾವಿ ಹುಬ್ಬಳ್ಳಿ ವಿಜಯಪುರ ಅಂತ ರಾತ್ರಿ ಓಡಾಡೋ ನಮ್ಮವರು ಬಹಳ ಜನ ಇದ್ದೀರಿ, ಹೊಸ ಕಾರು ತಗೊಂಡಿದ್ರೆ ದಯವಿಟ್ಟು ಓದಿ.

ಮೊದ್ಲು, ಆಟೋ ಹೈ ಬೀಮ್ ಏನನ್ನ ನೋಡತ್ತೆ ಅಂತ ತಿಳ್ಕೊಳ್ಳಿ

ಒಳಗಿನ ಕನ್ನಡಿ ಹಿಂದೆ, ಮುಂದಿನ ಗ್ಲಾಸಿಗೆ ಅಂಟಿದ ಹಾಗೆ ಒಂದು ಕ್ಯಾಮೆರಾ ಇರತ್ತೆ. ಅದು ಕತ್ತಲಲ್ಲಿ ಹುಡುಕೋದು ಎರಡೇ, ಎದುರಿಂದ ಬರೋ ಹೆಡ್‌ಲೈಟ್, ಮುಂದೆ ಹೋಗ್ತಿರೋ ಗಾಡಿಯ ಕೆಂಪು ಲೈಟ್. ಅದರ ಜೊತೆಗೆ ಬೀದಿ ದೀಪ ಜಾಸ್ತಿ ಇದ್ರೆ ಊರು ಬಂತು ಅಂತ ಡಿಪ್ ಮಾಡತ್ತೆ, ಸ್ಪೀಡ್ ಒಂದು ಮಟ್ಟಕ್ಕಿಂತ ಕಮ್ಮಿ ಆದ್ರೂ ಡಿಪ್ ಮಾಡತ್ತೆ (ಆ ಮಟ್ಟ ಒಂದೊಂದು ಕಾರಲ್ಲಿ ಒಂದೊಂದು, ಮ್ಯಾನ್ಯುಯಲಲ್ಲಿ ನೋಡ್ಕೊಳ್ಳಿ). ಅಂದ್ರೆ ಅದು ನೋಡೋದು ಬೆಳಕನ್ನ, ಮನುಷ್ಯರನ್ನಲ್ಲ. ನಡ್ಕೊಂಡು ಹೋಗೋರು, ಸೈಕಲ್‌ನವರು, ಎತ್ತಿನ ಗಾಡಿ, ಹಿಂದೆ ಲೈಟ್ ಇಲ್ದೆ ಎರಡೆರಡು ಟ್ರಾಲಿ ಎಳೆಯೋ ಟ್ರ್ಯಾಕ್ಟರ್, ಇವ್ರಿಗೋಸ್ಕರ ಅದು ಡಿಪ್ ಮಾಡಲ್ಲ. ಆಷಾಢದಲ್ಲಿ ಪಂಢರಪುರದ ಕಡೆ ಬೆಳಗಿನ ಜಾವ ಕತ್ತಲಲ್ಲೇ ಹೆಜ್ಜೆ ಹಾಕೋ ವಾರಕರಿಗಳಿಗೂ ಅಷ್ಟೇ, ನಮ್ಮ ಬೆಳಗಾವಿ ವಿಜಯಪುರ ಕಡೆಯಿಂದ್ಲೂ ಎಷ್ಟು ದಿಂಡಿ (ವಾರಕರಿಗಳ ತಂಡ) ಹೋಗ್ತಾವೆ, ಅವ್ರ ಕಣ್ಣಿಗೆ ಮೈಲುಗಟ್ಟಲೆ ಹೈ ಬೀಮ್ ಬಿಡ್ಕೊಂಡು ಹೋಗೋದು ಯಾವ ನ್ಯಾಯ?

ಈ ಯೋಚನೆ ಹೊಸದೇನಲ್ಲ, ಅಮೆರಿಕದ ಜನರಲ್ ಮೋಟಾರ್ಸ್ 1952ರಲ್ಲೇ ಡ್ಯಾಶ್‌ಬೋರ್ಡ್ ಮೇಲೆ ಬೆಳಕು ಗುರುತಿಸೋ ಒಂದು ಕಣ್ಣು ಕೂರಿಸಿ ಆಟ್ರಾನಿಕ್ ಐ ಅಂತ ಕೊಟ್ಟಿತ್ತು. ಕ್ಯಾಮೆರಾ ಎಷ್ಟೋ ಸುಧಾರಿಸಿದೆ, ಆದ್ರೆ ಲೈಟ್ ಇಲ್ದೋರು ಕಾಣದೇ ಇರೋ ಕಷ್ಟ ಇನ್ನೂ ಹಾಗೇ ಇದೆ.

ಇನ್ನೊಂದು ಗೊಂದಲ ಬಹಳ ಜನಕ್ಕಿದೆ. ಸಂಜೆ ಆದ ತಕ್ಷಣ ತಾನೇ ಲೈಟ್ ಹತ್ತೋದು ಆಟೋ ಹೆಡ್‌ಲ್ಯಾಂಪ್, ಅದು ಬೇರೆ. ಇದು ಹೈ ಬೀಮನ್ನ ತಾನೇ ಏರಿಸಿ ಇಳಿಸೋದು. ಮೀಟರಲ್ಲಿ ಹೆಡ್‌ಲೈಟ್ ಚಿತ್ರದ ಜೊತೆ ಒಂದು 'ಎ' ಅಕ್ಷರ ಕಂಡ್ರೆ ಆಟೋ ಹೈ ಬೀಮ್ ಆನ್ ಇದೆ ಅಂತ, ನೀಲಿ ಚಿತ್ರ ಹತ್ತಿದ್ರೆ ಹೈ ಬೀಮ್ ನಿಜವಾಗ್ಲೂ ಉರೀತಿದೆ ಅಂತ. ಆ ನೀಲಿ ಲೈಟ್ ಮೇಲೆ ಒಂದು ಕಣ್ಣಿರ್ಲಿ.

ಎರಡನೇದು, ಆಫ್ ಮಾಡೋದನ್ನ ಕೈಗೆ ಕಲಿಸಿ

ಇದೇ ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನ್ಸತ್ತೆ. ಪಾರ್ಕಿಂಗಲ್ಲಿ ಕಾರು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಕೂತ್ಕೊಳ್ಳಿ. ಹೆಚ್ಚಿನ ಕಾರಲ್ಲಿ ಲೈಟಿನ ಲಿವರ್ ತುದಿ ಆಟೋದಲ್ಲಿಟ್ಟು ಲಿವರ್ ಮುಂದಕ್ಕೆ ತಳ್ಳಿದ್ರೆ ಈ ಸಿಸ್ಟಮ್ ಆನ್ ಆಗತ್ತೆ, ನಿಮ್ಮ ಕಡೆ ಎಳೆದ್ರೆ ಆಫ್, ಕೆಲವು ಕಾರಲ್ಲಿ ಲಿವರ್ ತುದಿಯಲ್ಲಿ ಬಟನ್, ಇನ್ನು ಕೆಲವು ಕಾರಲ್ಲಿ ಟಚ್‌ಸ್ಕ್ರೀನ್ ಮೆನು ಒಳಗೆ ಹೋಗಿ ಹುಡುಕ್ಬೇಕು. ಟಚ್‌ಸ್ಕ್ರೀನಲ್ಲಿ ಮಾತ್ರ ಆಫ್ ಆಗೋ ಕಾರು ನಿಮ್ಮದಾದ್ರೆ ಊರು ಬಿಡೋ ಮುಂಚೆನೇ ಆಫ್ ಮಾಡಿಟ್ಬಿಡಿ, 80ರಲ್ಲಿ ಹೋಗ್ತಾ ಮೆನು ಹುಡುಕೋಕೆ ಆಗಲ್ಲ. ಕಣ್ಣು ಮುಚ್ಕೊಂಡು ಆನ್, ಆಫ್, ಡಿಪ್ಪರ್, ಮತ್ತೆ ಆನ್, ಹೀಗೆ ಇಪ್ಪತ್ತು ಸಲ ಮಾಡಿ. ಮನೇಲಿ ಇನ್ಯಾರು ಓಡಿಸ್ತಾರೋ ಅವ್ರಿಗೂ ಮಾಡಿಸಿ. ಕೈಯಿಂದ ಡಿಪ್ ಮಾಡಿದ ಮೇಲೆ ಆಟೋ ಮತ್ತೆ ಯಾವಾಗ ವಾಪಸ್ ಬರತ್ತೆ ಅನ್ನೋದನ್ನೂ ನೋಡ್ಕೊಳ್ಳಿ, ಕೆಲವು ಕಾರಲ್ಲಿ ನೀವೇ ಮತ್ತೆ ಆನ್ ಮಾಡೋ ತನಕ ಸುಮ್ಮನಿರತ್ತೆ, ಕೆಲವು ತಾವೇ ಶುರು ಮಾಡ್ತಾವೆ.

ಮೂರನೇದು, ಗ್ಲಾಸು ಮತ್ತೆ ಫಾಸ್ಟ್ಯಾಗ್

ಕ್ಯಾಮೆರಾ ಮುಂದಿನ ಗ್ಲಾಸ್ ಕೊಳೆ ಆಗಿದ್ರೆ ಅದಕ್ಕೆ ಸರಿಯಾಗಿ ಕಾಣಲ್ಲ. ಹೊರಗಡೆ ಹುಳ, ಧೂಳು ಒರೆಸಿ, ಒಳಗಡೆನೂ ಒರೆಸಿ. ಫಾಸ್ಟ್ಯಾಗ್ ಕನ್ನಡಿ ಹಿಂದೆ ನಡುವೆ ಅಂಟಿಸ್ತಾರಲ್ಲ, ಎಷ್ಟೋ ಸಲ ಅದು ಕ್ಯಾಮೆರಾಗೇ ಅಡ್ಡ ಬಂದಿರತ್ತೆ, ಹೊರಗೆ ನಿಂತು ನೋಡಿ, ಅಡ್ಡ ಇದ್ರೆ ಹೊಸ ಟ್ಯಾಗ್ ತಗೊಂಡು ಬೇರೆ ಜಾಗದಲ್ಲಿ ಅಂಟಿಸಿ, ಕಿತ್ತ ಟ್ಯಾಗ್ ಮತ್ತೆ ಅಂಟಿಸಿದ್ರೆ ಕೆಲಸ ಮಾಡಲ್ಲ. ಕನ್ನಡಿಗೆ ನೇತುಹಾಕಿದ ಗಣಪತಿ, ಹಾರ ಕೂಡ ಕ್ಯಾಮೆರಾ ಮುಂದೆ ಬರಬಾರ್ದು. ಗ್ಲಾಸ್ ಒಡೆದು ಹೊಸದು ಹಾಕಿಸಿದ್ರೆ ಕ್ಯಾಮೆರಾ ಕ್ಯಾಲಿಬ್ರೇಶನ್ (ಹೊಸ ಗ್ಲಾಸಿಗೆ ಸರಿ ಹೊಂದಿಸೋದು) ಆಯ್ತಾ ಅಂತ ಬಿಲ್ ಕೊಡೋ ಮುಂಚೆ ಕೇಳಿ.

ನಾಲ್ಕನೇದು, ಲೋ ಬೀಮ್ ಎತ್ತರ

ಕೆಲವ್ರು ಡಿಪ್ ಮಾಡಿದ್ರೂ ಎದುರಿನವರು ಬೈತಾರೆ, ಯಾಕಂದ್ರೆ ಲೋ ಬೀಮೇ ಮೇಲೆದ್ದಿರತ್ತೆ. ಹಿಂದೆ ನಾಲ್ಕು ಜನ, ಡಿಕ್ಕಿ ತುಂಬ ಅಕ್ಕಿ ಜೋಳದ ಚೀಲ ಅಂದ್ರೆ ಕಾರಿನ ಹಿಂಭಾಗ ಕುಸಿದು ಮೂತಿ ಮೇಲಾಗತ್ತೆ, ಲೈಟ್ ಸೀದಾ ಎದುರಿನವರ ಕಣ್ಣಿಗೆ. ಸ್ಟೀರಿಂಗ್ ಬಲಗಡೆ 0, 1, 2, 3 ಅಂತ ಒಂದು ಚಿಕ್ಕ ಚಕ್ರ ಇರತ್ತಲ್ಲ, ಅದು ಇದಕ್ಕೇ ಇರೋದು. ನಂಬರ್ ಜಾಸ್ತಿ ಆದಷ್ಟು ಬೆಳಕು ಕೆಳಗೆ. ಒಬ್ರೇ ಇದ್ರೆ 0, ಲೋಡ್ ನೋಡ್ಕೊಂಡು ಏರಿಸಿ. ಕೆಲವು ಕಾರಲ್ಲಿ ಇದು ತಾನೇ ಆಗತ್ತೆ, ಅವುಗಳಲ್ಲಿ ಚಕ್ರ ಇರಲ್ಲ.

ಸರಿ ಇದ್ಯಾ ಅಂತ ಮನೇಲೇ ನೋಡ್ಬಹುದು. ಬೇಸ್‌ಮೆಂಟಲ್ಲಿ ಸಮ ನೆಲದ ಮೇಲೆ ಗೋಡೆಗೆ ಮುಖ ಮಾಡಿ, ಹೆಡ್‌ಲೈಟಿಂದ ಗೋಡೆಗೆ 5 ಮೀಟರ್ ಇರೋ ಹಾಗೆ ಕಾರು ನಿಲ್ಲಿಸಿ, ಹೆಡ್‌ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಅಂತ ಟೇಪಲ್ಲಿ ಅಳೆದು ಅದೇ ಎತ್ತರಕ್ಕೆ ಗೋಡೆ ಮೇಲೆ ಗುರುತು ಮಾಡಿ. ಬಾನೆಟ್ ಎತ್ತಿದ್ರೆ ಲ್ಯಾಂಪ್ ಹತ್ರ ಲೋ ಬೀಮ್ ಚಿತ್ರದ ಪಕ್ಕ 1.0% ಅಂತ್ಲೋ 1.2% ಅಂತ್ಲೋ ಬರೆದಿರತ್ತೆ, 1% ಅಂದ್ರೆ 10 ಮೀಟರಿಗೆ 10 ಸೆಂ.ಮೀ. ಇಳೀಬೇಕು ಅಂತ, ಹಾಗಾಗಿ 5 ಮೀಟರಿಗೆ 5 ಸೆಂ.ಮೀ. ಬೆಳಕು ಕಡಿದ ಹಾಗೆ ನಿಲ್ಲೋ ಗೆರೆ ನಿಮ್ಮ ಗುರುತಿಗಿಂತ ಅಷ್ಟು ಕೆಳಗಿರ್ಬೇಕು. ಎಡಗಡೆ ಆ ಗೆರೆ ಸ್ವಲ್ಪ ಮೇಲೇರಿರತ್ತೆ, ಅದು ತಪ್ಪಲ್ಲ, ರೋಡ್ ಅಂಚು ಕಾಣ್ಲಿ ಅಂತ ಹಾಗೆ ಮಾಡಿರ್ತಾರೆ. ಉಳಿದ ಕಡೆ ಗೆರೆ ಅಷ್ಟು ಕೆಳಗೆ ಇಲ್ದೇ ಇದ್ರೆ ಗ್ಯಾರೇಜಲ್ಲಿ ಅಲೈನ್ ಮಾಡಿಸಿ.

ಐದನೇದು, ಎಲ್ಲಿ ಆನ್ ಎಲ್ಲಿ ಆಫ್

ನಾನು ಈಗ ಪೂರ್ತಿ ಆಫ್ ಮಾಡಿ ಇಟ್ಟಿಲ್ಲ. ಟ್ರಾಫಿಕ್ ಕಮ್ಮಿ ಇರೋ, ಬೀದಿ ದೀಪ ಇಲ್ದ ಉದ್ದನೆ ನೇರ ರೋಡಲ್ಲಿ ಅದು ಚೆನ್ನಾಗೇ ಕೆಲಸ ಮಾಡತ್ತೆ. ತೊಂದ್ರೆ ಕೊಡೋ ಜಾಗ ಬೇರೆ.

ಸಾತಾರಾ, ಕರಾಡ್ ಕಡೆ ಹೈವೇ ಡಿವೈಡರಲ್ಲಿ ಕಣಗಿಲೆ, ಬೋಗನ್‌ವಿಲ್ಲಾ ಬೆಳೆಸಿದ್ದಾರೆ, ಎದುರಿನ ಬೆಳಕು ತಡೀಲಿ ಅಂತ್ಲೂ ಬೆಳೆಸೋದು. ಗಿಡದ ಸಂದೀಲಿ ಎದುರಿನ ಹೆಡ್‌ಲೈಟ್ ಕಂಡ್ರೆ ಕ್ಯಾಮೆರಾ ಡಿಪ್ ಮಾಡತ್ತೆ, ಮುಂದಿನ ಗಿಡ ಅಡ್ಡ ಬಂದ್ರೆ ಮತ್ತೆ ಏರಿಸತ್ತೆ, ಹೀಗೆ ಏರಿ ಇಳಿದು ಏರಿ ಇಳಿದು ಆಗ್ತಾ ಇದ್ರೆ ಮುಂದಿನ ಗಾಡಿಯವ್ರು ನೀವು ಸೈಡ್ ಕೇಳ್ತಿದ್ದೀರಿ ಅಂತ್ಲೇ ತಿಳ್ಕೊತಾರೆ. ಅದಕ್ಕಿಂತ ಕೆಟ್ಟದ್ದು ಲಾರಿ ವಿಷ್ಯ. ಲಾರಿಯ ಹೆಡ್‌ಲೈಟ್ ಡಿವೈಡರ್ ಹಿಂದೆ ಮುಚ್ಚಿರತ್ತೆ, ಡ್ರೈವರ್ ಮಾತ್ರ ಎತ್ತರದಲ್ಲಿ ಕೂತಿರ್ತಾರೆ, ಕ್ಯಾಮೆರಾಗೆ ಲಾರಿ ಕಾಣಲ್ಲ, ನಿಮ್ಮ ಬೆಳಕು ಮಾತ್ರ ಅವ್ರ ಕಣ್ಣಿಗೆ ಹೋಗತ್ತೆ. ಲಾರಿ ಹಿಂದೆ "ಯೂಸ್ ಡಿಪ್ಪರ್ ಅಟ್ ನೈಟ್" ಅಂತ ಬರೆಸಿರ್ತಾರಲ್ಲ, ರಾತ್ರಿಯಿಡೀ ರೋಡಲ್ಲೇ ಇರೋರ ಬೇಡಿಕೆ ಅದು. ಟ್ರಾಫಿಕ್ ಇರೋ ಡಿವೈಡರ್ ಹೈವೇಲಿ ಆಫ್ ಮಾಡಿ, ಲೋ ಬೀಮಲ್ಲೇ ಹೋಗಿ.

ಘಾಟಲ್ಲೂ ಆಫ್. ಆಂಬೋಲಿ, ಚೋರ್ಲಾ, ತಾಮ್ಹಿಣಿ, ಯಾವುದೇ ಆಗ್ಲಿ, ತಿರುವಲ್ಲಿ ಎದುರಿನ ಲೈಟ್ ಕ್ಯಾಮೆರಾಗೆ ನೇರ ಬೀಳೋ ಹೊತ್ತಿಗೆ ತಡ ಆಗಿರತ್ತೆ, ನಿಮಗೋ ಬಂಡೆ ಮೇಲೆ ಅವ್ರ ಬೆಳಕು ಆಡೋದು ಮೊದ್ಲೇ ಕಾಣತ್ತೆ, ಆವಾಗ್ಲೇ ಡಿಪ್ ಮಾಡ್ಬಹುದು. ಮಳೆ, ಮಂಜಲ್ಲಿ ಹೈ ಬೀಮ್ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರತ್ತೆ, ಬಿಳಿ ಗೋಡೆ ಎದ್ದ ಹಾಗೆ. ಲೋ ಬೀಮ್, ಫಾಗ್ ಲ್ಯಾಂಪ್ ಇದ್ರೆ ಅದು. ದೊಡ್ಡ ಹೊಳೆಯೋ ಬೋರ್ಡು ಬಂದಾಗ ಅದನ್ನೇ ಗಾಡಿ ಅಂದ್ಕೊಂಡು ಡಿಪ್ ಮಾಡೋದೂ ಉಂಟು, ಆ ಕ್ಷಣ ಮುಂದೆ ಕತ್ತಲಾಗತ್ತೆ, ಗಾಬರಿ ಆಗ್ಬೇಡಿ.

ಹಳ್ಳಿ ರೋಡಲ್ಲಿ, ಕಬ್ಬಿನ ಸೀಸನಲ್ಲಿ, ವಾರಿ (ಪಂಢರಪುರದ ಪಾದಯಾತ್ರೆ) ಟೈಮಲ್ಲಿ ಕೈಯಿಂದ್ಲೇ ಮಾಡಿ. ಹೈ ಬೀಮ್ ಬೇಕೇ ಬೇಕಾಗತ್ತೆ, ಲೈಟ್ ಇಲ್ದ ಟ್ರಾಲಿ ದೂರದಿಂದ ಕಾಣ್ಬೇಕಲ್ಲ. ಕಂಡ ತಕ್ಷಣ ಸ್ಪೀಡ್ ಇಳಿಸಿ ಡಿಪ್ ಮಾಡಿ, ದಾಟಿದ ಮೇಲೆ ಮತ್ತೆ ಏರಿಸಿ. 2017ರ ಚಾಲನಾ ನಿಯಮಗಳಲ್ಲೂ ಎದುರಿಗೆ ಗಾಡಿ ಬಂದಾಗ ಡಿಪ್ ಮಾಡೋದು ಡ್ರೈವರ್ ಹೊಣೆ ಅಂತ್ಲೇ ಇದೆ.

ಎದುರಿನವರೇ ಇಳಿಸ್ಲಿಲ್ಲ ಅಂದ್ರೆ

ಒಂದು ಸಲ ಡಿಪ್ಪರ್ ಕೊಡಿ, ಅಷ್ಟೇ. ನೀವೂ ಹೈ ಬೀಮ್ ಬಿಟ್ರೆ ಇಬ್ರಿಗೂ ಕಾಣಲ್ಲ. ಅವ್ರ ಕಾರೂ ಆಟೋದಲ್ಲೇ ಇದ್ದು ಅವ್ರಿಗೆ ಗೊತ್ತೇ ಇಲ್ದೇ ಇರ್ಬಹುದು. ಎಡಗಡೆ ರೋಡಿನ ಬಿಳಿ ಗೆರೆ ಮೇಲೆ ಕಣ್ಣಿಟ್ಟು ಸ್ಪೀಡ್ ಇಳಿಸಿ. 80ರಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಹೋಗತ್ತೆ, ಕಣ್ಣು ಕುಕ್ಕಿ ಮೂರು ಸೆಕೆಂಡ್ ಏನೂ ಕಾಣ್ಲಿಲ್ಲ ಅಂದ್ರೆ 66 ಮೀಟರ್ ನೋಡ್ದೇ ಹೋದ ಹಾಗೆ, ವಯಸ್ಸಾದವ್ರ ಕಣ್ಣು ಸುಧಾರಿಸ್ಕೊಳ್ಳೋಕೆ ಇನ್ನೂ ಹೊತ್ತು ಬೇಕು. ಹಿಂದಿನ ಕಾರಿನ ಬೆಳಕು ಕಾಡ್ತಿದ್ರೆ ಒಳಗಿನ ಕನ್ನಡಿ ಕೆಳಗಿನ ಚಿಕ್ಕ ಲಿವರ್ ತಿರುಗಿಸಿದ್ರೆ ಪ್ರತಿಬಿಂಬ ಮಂಕಾಗತ್ತೆ, ಆದ್ರೂ ಬಿಡ್ದೇ ಇದ್ರೆ ಎಡಕ್ಕೆ ಸರಿದು ಅವ್ರನ್ನ ಮುಂದೆ ಬಿಟ್ಬಿಡಿ.

ಮುಂದಿನ ಸಲ ಸಾಂಗ್ಲಿಗೆ ಹೊರಟಾಗ ಪೇಠ್ ನಾಕಾ ತಿರುವಿನಲ್ಲೇ ಲಿವರ್ ಎಳೆದು ಆಟೋ ಆಫ್ ಮಾಡ್ದೆ. ಮುಂದೆ ಮೊದಲ್ನೇ ಎತ್ತಿನ ಗಾಡಿ ಕಂಡಾಗ ಅವ್ವ ಬಾಯಿ ತೆರೆಯೋ ಮುಂಚೆನೇ ಕೈ ಡಿಪ್ ಮಾಡಿತ್ತು, ಗಾಡಿಯವರು ಟವೆಲ್ ಹೆಗಲ ಮೇಲೇ ಇಟ್ಕೊಂಡು ದಾಟಿ ಹೋದ್ರು.