ಮಬ್ಬಾದ ಹೆಡ್‌ಲೈಟ್ ತಿಳಿಯಾದ ಬಗೆ: ನನ್ನ ಅನುಭವ

ನನ್ನ ಹಳೆಯ ಕಾರಿನ ಹೆಡ್‌ಲೈಟ್‌ಗಳ ಪ್ಲಾಸ್ಟಿಕ್ ಹೊರಕವಚ ಹಳದಿಗಟ್ಟಿ, ರಾತ್ರಿ ಬೆಳಕು ರಸ್ತೆಗೆ ಬೀಳದೆ ಚದುರಿಹೋಗುತ್ತಿತ್ತು. ಹೊಸ ಬಲ್ಬ್‌ನಿಂದ ಪ್ರಯೋಜನವಾಗಲಿಲ್ಲ. ಟೂತ್‌ಪೇಸ್ಟ್ ಉಜ್ಜಿದಾಗಲೂ ಬರೀ ಪಾಲಿಶ್ ಮಾಡಿದಾಗಲೂ ಬಂದ ಹೊಳಪು ಕೆಲವೇ ವಾರಗಳಲ್ಲಿ ಮಾಸಿತು. ಕೆಟ್ಟಿದ್ದು ಪಾಲಿಕಾರ್ಬೊನೇಟ್ (ಕವಚದ ಪ್ಲಾಸ್ಟಿಕ್) ಮೇಲಿನ, ಅತಿನೇರಳೆ ಕಿರಣ ತಡೆಯುವ ಲೇಪನ. ಅದನ್ನು ಪೂರ್ತಿ ತೆಗೆದು ಹೊಸದನ್ನು ಹಚ್ಚದ ಹೊರತು ಮಬ್ಬು ಮರಳುತ್ತಲೇ ಇರುತ್ತದೆ.

ಸುತ್ತಲಿನ ಬಣ್ಣದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, 800 ಗ್ರಿಟ್ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ; ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ನಯ), ನೀರು ಆರಲು ಬಿಡದೆ, ಅಡ್ಡಡ್ಡವಾಗಿ ಉಜ್ಜಿದೆ. ಮೊದಲು ಹಳದಿಯಾಗಿ ಇಳಿಯುವ ನೀರು ಹಾಲಿನಂತೆ ಬೆಳ್ಳಗಾಗುವವರೆಗೆ ನಿಲ್ಲಿಸಬಾರದು. ಹಿಂದೆ ನಾನು ಎಡವಿದ್ದು ಇಲ್ಲಿಯೇ: ಹಳೆಯ ಲೇಪನ ಪೂರ್ತಿ ಹೋಗಿರಲಿಲ್ಲ. ಅನಂತರ 1500 ಗ್ರಿಟ್‌ನಲ್ಲಿ ಉದ್ದುದ್ದ, 2000ದಲ್ಲಿ ಮತ್ತೆ ಅಡ್ಡಡ್ಡ ಉಜ್ಜಿದರೆ ಹಿಂದಿನ ಗೀರು ಅಳಿದಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಈ ಹಂತದಲ್ಲಿ ಕವಚ ಎಲ್ಲೆಡೆ ಒಂದೇ ಸಮನೆ ಮಸುಕಾಗಿರುವುದು ಸರಿಯಾದ ಲಕ್ಷಣ.

ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ, ಬಯಲಿನಲ್ಲಿ ರೆಸ್ಪಿರೇಟರ್ (ಉಸಿರಾಡುವ ಗಾಳಿಯನ್ನು ಸೋಸುವ ಮುಖಕವಚ) ಧರಿಸಿ, ಅತಿನೇರಳೆ ತಡೆಯುವ ಕ್ಲಿಯರ್ ಕೋಟ್ (ಪಾರದರ್ಶಕ ಲೇಪನ) ಸ್ಪ್ರೇಯನ್ನು ಹತ್ತು ನಿಮಿಷದ ಅಂತರದಲ್ಲಿ ಮೂರು ತೆಳು ಪದರಗಳಾಗಿ ಹೊಡೆದೆ. ಎರಡನೆಯ ಪದರಕ್ಕೇ ಗೀರುಗಳು ತುಂಬಿಕೊಂಡು ಒಳಗಿನ ಬಲ್ಬ್ ಸ್ಪಷ್ಟವಾಗಿ ಕಂಡಿತು. ಒಂದು ದಿನ ನೀರು ತಾಗಿಸಲಿಲ್ಲ.