ಹೆಗಲು ಉಳಿಸಿಕೊಂಡು ಬಿಲ್ಲು ಎಳೆಯಿರಿ

ಚಿಕ್ಕಬಳ್ಳಾಪುರದ ಹತ್ತಿರ ನಂದು ಒಂದೂವರೆ ಎಕರೆ ದ್ರಾಕ್ಷಿ ತೋಟ. ಬೆಳಗ್ಗೆಯೆಲ್ಲ ಚಪ್ಪರದ ಕೆಳಗೆ ಕೈ ಮೇಲೆತ್ತಿಕೊಂಡು ಬಳ್ಳಿ ಕತ್ತರಿಸುತ್ತೇನೆ. ಸಂಜೆ ರಾಗಿ ಹುಲ್ಲಿನ ಕಟ್ಟು ನಿಲ್ಲಿಸಿ ಬಾಣ ಬಿಡುತ್ತೇನೆ. ಎರಡು ವರ್ಷದ ಹಿಂದೆ ಬಲಗೈಯಲ್ಲಿ ತಲೆ ಬಾಚಲೂ ಆಗದ ಹಾಗಾಯಿತು. ಯಾರನ್ನೂ ಬೈಯುವ ಹಾಗಿರಲಿಲ್ಲ, ಮಾಡಿಕೊಂಡವನು ನಾನೇ.

ಮೊದಲು ಬಿಲ್ಲಿನ ಎಳೆತ ಎಷ್ಟು ಭಾರ ಅಂತ ತೂಗಿ. ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲಿನ ಲಿಂಬ್ (ಬಾಗುವ ತೋಳು) ಮೇಲೆ ಬರೆದಿರುವ ಪೌಂಡ್ ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಲೆಕ್ಕ. ನನ್ನ ಕೈ ಉದ್ದ, 30 ಇಂಚಿನವರೆಗೆ ಎಳೆಯುತ್ತೇನೆ. ಇಂಚಿಗೆ ಸುಮಾರು 2 ಪೌಂಡ್ ಏರುತ್ತದೆ. ದ್ರಾಕ್ಷಿ ತೂಗುವ ಕೊಕ್ಕೆ ತಕ್ಕಡಿಗೆ ಹೆದೆ ಸಿಕ್ಕಿಸಿ ಅಷ್ಟೇ ಎಳೆದು ನೋಡಿದೆ. 34 ಅಂತ ಬರೆದಿದ್ದ ಬಿಲ್ಲು 17 ಕೆಜಿ ದಾಟಿತು, ಅಂದರೆ 38 ಪೌಂಡ್! ಸ್ಪರ್ಧೆಯ ಅರ್ಹತಾ ಸುತ್ತಿನ ಹಾಗೆ 72 ಬಾಣ ಬಿಟ್ಟರೆ ಒಟ್ಟು 1,200 ಕೆಜಿಗೂ ಜಾಸ್ತಿ ಎಳೆದ ಹಾಗೆ. ಕೈ ನೋಯದೆ ಇನ್ನೇನು?

ಹೊಸಬರಾದರೆ 18ರಿಂದ 24 ಪೌಂಡ್ ಸಾಕು. ಬಾಣವಿಲ್ಲದೆ ಪೂರ್ತಿ ಎಳೆದು 30 ಸೆಕೆಂಡ್ ಹಿಡಿದು ನೋಡಿ. ಕೈ ಗಡಗಡ ನಡುಗಿದರೆ ಆ ಬಿಲ್ಲು ನಿಮಗೆ ಭಾರ. ಆಮೇಲೆ ಹೆದೆಯನ್ನು ನಿಧಾನವಾಗಿ ವಾಪಸ್ ತನ್ನಿ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲೇ ಸೀಳಬಹುದು. ಎಳೆತದ ತೂಕ ಏರಿಸುವಾಗಲೂ ಎರಡೆರಡೇ ಪೌಂಡ್, ಅದೂ ತಿಂಗಳುಗಳ ಅಂತರದಲ್ಲಿ.

ಇನ್ನು ಬಿಲ್ಲು ಹಿಡಿದ ಕಡೆಯ ಭುಜ. ಎಳೆಯುವಾಗ ಅದು ಕಿವಿಯತ್ತ ಏರಿಬಿಡುತ್ತದೆ, ನಮಗೆ ಗೊತ್ತೇ ಆಗಲ್ಲ. ಏರಿದರೆ ಕೀಲಿನೊಳಗಿನ ಸ್ನಾಯು ಮೂಳೆಗಳ ನಡುವೆ ಒತ್ತಿಕೊಳ್ಳುತ್ತದೆ. ಕೈ ಎತ್ತುವ ಮೊದಲೇ ಭುಜ ಇಳಿಸಿ, ಎಳೆದು ಮುಗಿಯುವ ತನಕ ಅಲ್ಲೇ ಇಡಿ. ನನ್ನ ಮಗಳು ಹಿಂದೆ ನಿಂತು "ಅಪ್ಪಾ, ಭುಜ!" ಅಂತ ಕೂಗುತ್ತಾಳೆ. ಅಂಥವರು ಇಲ್ಲದಿದ್ದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ.

ಹೆದೆ ಎಳೆಯುವ ಕೈಯ ರೆಟ್ಟೆಗೆ ಕೆಲಸ ಕೊಡಬೇಡಿ. ಮೊಣಕೈಗೆ ಹಗ್ಗ ಕಟ್ಟಿ ಹಿಂದಿನಿಂದ ಯಾರೋ ಎಳೆಯುತ್ತಿದ್ದಾರೆ ಅಂದುಕೊಳ್ಳಿ. ಆಗ ಬೆನ್ನು ಎಳೆಯುತ್ತದೆ. ಬಿಲ್ಲಿನ ಕೈಗೆ ಹೆದೆ ಬಡಿದು ಬಾಸುಂಡೆ ಬರುತ್ತಿದ್ದರೆ ಮೊಣಕೈಯನ್ನು ಸ್ವಲ್ಪ ಹೊರಗೆ ತಿರುಗಿಸಿ, ಮುಂಗೈಗೆ ಕಟ್ಟುವ ಆರ್ಮ್ ಗಾರ್ಡ್ ಹಾಕಿ.

ಶುರು ಮಾಡುವ ಮುಂಚೆ ಹಳೇ ಸೈಕಲ್ ಟ್ಯೂಬ್ ಹಿಡಿದು ಬಿಲ್ಲಿನ ಹಾಗೇ ಎಳೆಯುತ್ತೇನೆ, ಹತ್ತು ನಿಮಿಷ, ಎರಡೂ ಕಡೆ. ಎಡಗಡೆ ಯಾಕೆ ಅಂತ ಅಕ್ಕಪಕ್ಕದವರು ನಗುತ್ತಾರೆ. ಒಂದೇ ಕಡೆ ಎಳೆದರೆ ಬೆನ್ನು ಒಂದೇ ಕಡೆ ಬಲಿಯುತ್ತದೆ, ಅಲ್ವಾ?

ಮಾರನೇ ದಿನ ಬೆನ್ನು ಬಿಗಿದಿದ್ದರೆ ಚಿಂತೆ ಇಲ್ಲ. ಭುಜದ ತುದಿಯಲ್ಲಿ ಚುಚ್ಚಿದರೆ, ರಾತ್ರಿ ಆ ಮಗ್ಗುಲಲ್ಲಿ ಮಲಗಲು ಆಗದಿದ್ದರೆ, ಬೆರಳು ಜೋಮು ಹಿಡಿದರೆ ಬಿಲ್ಲು ಕೆಳಗಿಟ್ಟು ಡಾಕ್ಟರಿಗೆ ತೋರಿಸಿ. ನಾನು ಸುಮ್ನೆ ಮುಲಾಮು ಹಚ್ಚಿಕೊಂಡು ಮೂರು ತಿಂಗಳು ಕಳೆದೆ.

ಬಳ್ಳಿ ಕತ್ತರಿಸುವ ದಿನಗಳಲ್ಲಿ ಈಗ ಬಾಣ ಬಿಡುವುದಿಲ್ಲ. ಹೆದೆ ಬಿಚ್ಚಿ ಬಿಲ್ಲನ್ನು ಅಟ್ಟದ ಮೇಲೆ ಇಟ್ಟಿರುತ್ತೇನೆ.