ಕ್ರಿಕೆಟ್ ಕಾರ್ಡ್ ಪ್ರಿಂಟ್‌ನಲ್ಲೇ ಕೆಟ್ಟು ಬಂದರೆ ಏನು ಮಾಡಬೇಕು?

ಆಟಗಾರರ ಫೋಟೋ ಇರುವ ಕಾರ್ಡುಗಳ ಪ್ಯಾಕ್ ಒಡೆದಿರಿ, ಎಷ್ಟೋ ದಿನದಿಂದ ಹುಡುಕುತ್ತಿದ್ದ ಆಟಗಾರನೇ ಸಿಕ್ಕ, ಆದರೆ ಬಾರ್ಡರ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ದಾರದಷ್ಟು. ಹೊಟ್ಟೆ ಉರಿಯುತ್ತೆ, ಗೊತ್ತು. ಆದರೂ ಆಗ ಕಾರ್ಡಿಗೆ ಏನೂ ಮಾಡಬೇಡಿ, ಸುಮ್ನೆ ಸ್ಲೀವ್‌ಗೆ (ಕಾರ್ಡ್ ಹಾಕಿಡುವ ತೆಳು ಪ್ಲಾಸ್ಟಿಕ್ ಕವರ್) ಹಾಕಿ ಇಡಿ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಅಕ್ಕನ ಮಗ ಇಂಥದ್ದೇ ಒಂದು ಕೊಹ್ಲಿ ಕಾರ್ಡಿಗೆ ಸ್ಕೇಲ್ ಇಟ್ಟು, ಬ್ಲೇಡ್ ಹಾಕಿ, ನಾಲ್ಕೂ ಕಡೆ ಬಾರ್ಡರ್ ಸಮ ಮಾಡಿಕೊಂಡು ಬಂದು "ಮಾಮ, ಸರಿ ಮಾಡಿದೀನಿ ನೋಡು" ಅಂದ. ನೋಡೋಕೆ ಚೆನ್ನಾಗೇ ಇತ್ತು, ಅದೇ ಬೇಜಾರು. ಸಾಮಾನ್ಯ ಕಾರ್ಡಿನ ಅಳತೆ 2.5 ಇಂಚು ಅಗಲ, 3.5 ಇಂಚು ಉದ್ದ. ಇನ್ನೊಂದು ಕಾರ್ಡಿನ ಪಕ್ಕ ಇಟ್ಟರೆ ಚಿಕ್ಕದಾಗಿರುವುದು ಕಣ್ಣಿಗೇ ಕಾಣುತ್ತೆ. ಪಿಎಸ್‌ಎ ಥರದ ಗ್ರೇಡಿಂಗ್ ಕಂಪನಿಗಳು (ದುಡ್ಡು ತಗೊಂಡು ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಅಂತ ನಂಬರ್ ಕೊಡುವವರು) ಕತ್ತರಿಸಿದ ಕಾರ್ಡಿಗೆ ನಂಬರೇ ಕೊಡುವುದಿಲ್ಲ. ಬಾರ್ಡರ್ ಸೊಟ್ಟ ಇದ್ದ ಕಾರ್ಡಿಗಾದರೂ ಬೆಲೆ ಇತ್ತು, ಈಗ ಅದೂ ಇಲ್ಲ.

ಈ ದೋಷಗಳು ಹೇಗೆ ಬರುತ್ತವೆ ಅಂತ ನನಗೆ ಅರ್ಥವಾಗಿದ್ದು ತುಮಕೂರಿನಲ್ಲಿ ನಮ್ಮ ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ಆಫ್‌ಸೆಟ್ ಪ್ರೆಸ್ಸಿನಲ್ಲಿ. ಅಲ್ಲಿ ಮದುವೆ ಪತ್ರಿಕೆ ಪ್ರಿಂಟ್ ಆಗುತ್ತಿತ್ತು. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು, ಒಂದು ಚೂರು ಆಚೀಚೆ ಆದರೆ ಗಣಪತಿಗೆ ಎರಡು ಸೊಂಡಿಲು ಇದ್ದ ಹಾಗೆ ಕಾಣುತ್ತೆ. ಕಾರ್ಡೂ ಅಷ್ಟೇ. ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಪ್ರಿಂಟ್ ಮಾಡಿ (ಅಮೆರಿಕದ ಟಾಪ್ಸ್ ಕಂಪನಿಯ ಹಳೇ ಬೇಸ್‌ಬಾಲ್ ಕಾರ್ಡುಗಳು ಒಂದು ಹಾಳೆಗೆ 132 ಇರುತ್ತಿದ್ದವು), ಆಮೇಲೆ ಹಾಳೆಗಳನ್ನು ಪೇರಿಸಿ ಕಟ್ ಮಾಡುತ್ತಾರೆ. ಪೇರಿಸಿದ್ದು ಜರುಗಿದರೆ ಬಾರ್ಡರ್ ಸೊಟ್ಟ, ಜಾಸ್ತಿ ಜರುಗಿದರೆ ಪಕ್ಕದ ಕಾರ್ಡಿನ ತುಂಡೂ ನಿಮ್ಮದಕ್ಕೆ ಬರುತ್ತೆ. ಬ್ಲೇಡ್ ಮೊಂಡಾಗಿದ್ದರೆ ಅಂಚು ಕಚ್ಚಿದ ಹಾಗಿರುತ್ತೆ. ಪ್ಲೇಟಿನ ಮೇಲೆ ಧೂಳು ಕೂತರೆ ಚಿಕ್ಕ ಬಿಳಿ ಉಂಗುರ ಬೀಳುತ್ತೆ.

ಈಗ ನಿಮ್ಮ ಕಾರ್ಡ್ ನೋಡೋಣ. ಕೈ ತೊಳೆದು, ಪೂರ್ತಿ ಒರೆಸಿಕೊಂಡು, ಕಾರ್ಡನ್ನು ಅಂಚಲ್ಲಿ ಮಾತ್ರ ಹಿಡಿಯಿರಿ. ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ತಿರುಗಿಸಿದರೆ ಗೆರೆ, ತಗ್ಗು, ಫಾಯಿಲ್ (ಕೆಲವು ಕಾರ್ಡಿನ ಮೇಲಿನ ಹೊಳೆಯುವ ಪದರ) ಎದ್ದಿರುವುದು ಎಲ್ಲ ಕಾಣುತ್ತೆ, ನೇರ ಬೆಳಕಲ್ಲಿ ಅರ್ಧ ಕಾಣಲ್ಲ. ಬಾರ್ಡರನ್ನು ಸ್ಕೇಲಿನಿಂದ ಅಳೆಯಿರಿ. ಎಡಕ್ಕೆ 3 ಮಿಲಿಮೀಟರ್, ಬಲಕ್ಕೆ 2 ಇದ್ದರೆ ಅದು 60/40, ಅಂದರೆ ಒಟ್ಟು ಬಾರ್ಡರಿನಲ್ಲಿ ನೂರಕ್ಕೆ 60 ಒಂದು ಕಡೆ, 40 ಇನ್ನೊಂದು ಕಡೆ. ಪಿಎಸ್‌ಎ 10 ಬೇಕಾದರೆ ಮುಂಭಾಗ 55/45ರ ಒಳಗಿರಬೇಕು, ಹಾಗಾಗಿ ಆ ಕಾರ್ಡನ್ನು 10ರ ಆಸೆಯಿಂದ ಕಳಿಸಿ ದುಡ್ಡು ಕಳೆದುಕೊಳ್ಳಬೇಡಿ.

ಫ್ಯಾಕ್ಟರಿಯಲ್ಲೇ ಆಗಿದ್ದಾ, ನಮ್ಮ ಕೈಯಲ್ಲಿ ಆಗಿದ್ದಾ ಅನ್ನುವುದೇ ಕಷ್ಟದ ಪ್ರಶ್ನೆ. ಪ್ರಿಂಟ್ ಗೆರೆ ಸಾಮಾನ್ಯವಾಗಿ ನೇರವಾಗಿ, ಒಂದು ಅಂಚಿಂದ ಇನ್ನೊಂದಕ್ಕೆ ಹೋಗಿರುತ್ತೆ, ಅದೇ ಬಾಕ್ಸಿನ ಬೇರೆ ಕಾರ್ಡಲ್ಲೂ ಇರಬಹುದು. ಗೀರು ಅಂದರೆ ಅಡ್ಡಾದಿಡ್ಡಿ. ಮಡಿಕೆ ಬಿದ್ದಿದ್ದರೆ ಬಣ್ಣ ಒಡೆದು ಒಳಗಿನ ಬಿಳಿ ಕಾಗದ ಕಾಣುತ್ತೆ. ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವ ಭೂತಗನ್ನಡಿ ಇದಕ್ಕೆ ಸಾಕು.

ಬದಲಿ ಕೇಳುವ ಯೋಚನೆ ಇದ್ದರೆ ಬಿಲ್, ಬಾಕ್ಸ್, ಒಡೆದ ಕವರ್ ಯಾವುದನ್ನೂ ಎಸೆಯಬೇಡಿ. ನಾನು ಒಂದು ಸಲ ಆನ್‌ಲೈನಲ್ಲಿ ತರಿಸಿದ ಬಾಕ್ಸಿನಲ್ಲಿ ಎಂಟು ಕಾರ್ಡಿನ ಕೆಳಗಿನ ಅಂಚು ಒಂದೇ ಥರ ಕಿತ್ತಿತ್ತು, ಮಾರಿದವರು ಮೊದಲು ಕೇಳಿದ್ದೇ ಕವರ್ ಎಲ್ಲಿ ಅಂತ. ಅದು ಅಷ್ಟೊತ್ತಿಗೆ ಕಸದ ಗಾಡಿ ಹತ್ತಿ ಹೋಗಿತ್ತು. ಆವತ್ತಿಂದ ದುಬಾರಿ ಬಾಕ್ಸ್ ಒಡೆಯುವಾಗ ಫೋನನ್ನು ಸ್ಟ್ಯಾಂಡಿಗೆ ಹಾಕಿ, ಸೀಲ್ ಕಾಣುವ ಹಾಗೆ, ಎಲ್ಲೂ ನಿಲ್ಲಿಸದೆ ವಿಡಿಯೋ ಮಾಡುತ್ತೇನೆ. ಮೊದಲು ಅಂಗಡಿಯವರಿಗೆ ಹೇಳಿ, ಅಲ್ಲಾಗದಿದ್ದರೆ ಕಂಪನಿಗೆ ಬರೆಯಿರಿ. ಮುಂದೆ, ಹಿಂದೆ, ದೋಷದ ಹತ್ತಿರದ ಫೋಟೋ ಮೂರು ಸಾಕು, ಎರಡು ಸಾಲಿನ ವಿಷಯ ಸಾಕು. ಉತ್ತರವೇ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಒಂದು ಪ್ಯಾಕಿಗೆ ಇಷ್ಟೆಲ್ಲ ಓಡಾಡೋದು ದಂಡ, ಸಾವಿರಾರು ರೂಪಾಯಿ ಬಾಕ್ಸ್ ಆದರೆ ಬಿಡಬೇಡಿ. ಆದರೆ ಬಾರ್ಡರ್ ಚೂರು ಸೊಟ್ಟ ಅನ್ನುವುದಕ್ಕೆಲ್ಲ ಬದಲಿ ಸಿಗುತ್ತೆ ಅಂತ ನಂಬಿಕೊಂಡು ಕೂರಬೇಡಿ.

ಇನ್ನು "ಮಿಸ್‌ಪ್ರಿಂಟ್ ಅಂದರೆ ಲಕ್ಷಾಂತರ ರೂಪಾಯಿ" ಅನ್ನೋ ಮಾತು. ಕೆಲವು ಕಾರ್ಡಿಗೆ ನಿಜ. 1990ರ ಟಾಪ್ಸ್ ಬೇಸ್‌ಬಾಲ್ ಸೆಟ್‌ನಲ್ಲಿ ಫ್ರಾಂಕ್ ಥಾಮಸ್ ಕಾರ್ಡ್ ಕೆಲವಕ್ಕೆ ಮುಂದೆ ಹೆಸರೇ ಬಿದ್ದಿಲ್ಲ, ಅದನ್ನು ಈಗಲೂ ಹುಡುಕುತ್ತಾರೆ. 1989ರ ಫ್ಲೀರ್ ಕಂಪನಿಯ ಬೇಸ್‌ಬಾಲ್ ಕಾರ್ಡಿನಲ್ಲಿ ಆಟಗಾರ ಬಿಲ್ಲಿ ರಿಪ್ಕೆನ್ ಹಿಡಿದ ಬ್ಯಾಟಿನ ತುದಿಯಲ್ಲಿ ಕೆಟ್ಟ ಬೈಗುಳ ಬರೆದಿತ್ತು, ಯಾರೂ ಗಮನಿಸದೆ ಪ್ರಿಂಟ್ ಆಯಿತು, ಆಮೇಲೆ ಕಂಪನಿ ಅದನ್ನು ಮುಚ್ಚಿ ಮುಚ್ಚಿ ಬೇರೆ ಬೇರೆ ಥರ ಬಿಟ್ಟಿತು. ಇಂಥವು ಎಲ್ಲರಿಗೂ ಗೊತ್ತಿರುವ, ಗುರುತಿಸಲಾಗುವ ತಪ್ಪುಗಳು. ನಿಮ್ಮ ಕಾರ್ಡಿನ ಮೂಲೆಯಲ್ಲಿ ಇಂಕಿನ ಚುಕ್ಕಿ ಬಿದ್ದಿದ್ದರೆ ಅದು ಚುಕ್ಕಿ ಅಷ್ಟೇ. ಹಿಂಭಾಗ ಬೇರೆ ಆಟಗಾರನದ್ದು ಬಂದಿದ್ದರೆ, ಫಾಯಿಲ್ ಪೂರ್ತಿ ಬಿಟ್ಟುಹೋಗಿದ್ದರೆ, ಅದನ್ನು ವಾಪಸ್ ಕಳಿಸುವ ಮುಂಚೆ ಎರಡು ಸಲ ಯೋಚಿಸಿ. ನಾನಾದರೆ ಇಟ್ಟುಕೊಳ್ಳುತ್ತೇನೆ.

ಫಾಯಿಲ್ ಕಾರ್ಡು ಹಪ್ಪಳದ ಥರ ಬಾಗುವುದು ಬೇರೆ ವಿಷಯ. ಕಾಗದ ತೇವ ಹೀರುತ್ತೆ, ಫಾಯಿಲ್ ಹೀರಲ್ಲ, ಅದಕ್ಕೆ ಬಾಗುತ್ತೆ. ನಮ್ಮೂರಲ್ಲಿ ಬೇಸಿಗೆ ಒಣ, ಸೆಪ್ಟೆಂಬರ್ ಮಳೆ ಹಿಡಿದರೆ ಬೀರು ಒಳಗೂ ತೇವ, ಹಾಗಾಗಿ ಒಂದೇ ಕಾರ್ಡು ಒಂದು ಕಾಲದಲ್ಲಿ ನೆಟ್ಟಗೆ, ಇನ್ನೊಂದು ಕಾಲದಲ್ಲಿ ಬಿಲ್ಲು. ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ! ಮೊದಲು ಮೆತ್ತನೆ ಸ್ಲೀವ್, ಅದರ ಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವರ್, ಗಾಳಿಯಾಡದ ಡಬ್ಬಿ, ಹೊಸ ಚಪ್ಪಲಿ ಬಾಕ್ಸಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು. ನಿಧಾನಕ್ಕೆ ಸುಮಾರಾಗಿ ನೆಟ್ಟಗಾಗುತ್ತೆ.

ಮಾರುವಾಗ, ಬದಲಿಸಿಕೊಳ್ಳುವಾಗ ದೋಷವನ್ನು ಮೊದಲೇ ಹೇಳಿ, ಓರೆ ಬೆಳಕಿನ ಫೋಟೋ ಕಳಿಸಿ. ಆ ಕೊಹ್ಲಿ ಕಾರ್ಡಿನ ಸ್ಲೀವ್ ಮೇಲೆ "ಕತ್ತರಿಸಿದ್ದು" ಅಂತ ಚೀಟಿ ಅಂಟಿಸಿದ್ದೇನೆ. ಅಕ್ಕನ ಮಗ ವಾರಕ್ಕೊಂದು ಸಲ ಆ ಚೀಟಿ ಕೀಳುತ್ತಾನೆ.